ವೈರಸ್‌ನಿಂದ ಕ್ಯಾನ್ಸರ್‌ಗೆ ಔಷಧ: ಸಹಿ ಹಾಕೋ ಮೊದಲು

ಶಹಾಪುರ, ಸುರಪುರದಿಂದ ನನಗೆ ಬಂದ ಪ್ರಶ್ನೆ ಒಂದೇ: ವೈರಸ್‌ನಿಂದ ಕ್ಯಾನ್ಸರ್ ಗುಣ ಆಗ್ತದಂತ, ಖರೇನಾ?

ಅರ್ಧ ಖರೇ. ಹರ್ಪಿಸ್ ವೈರಸ್ ಮಾರ್ಪಡಿಸಿ ಮಾಡಿದ ಔಷಧಕ್ಕೆ 2015ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿ ಕಾರ್ಟೆಮಿ ಅನ್ನೋ ಕಾರ್-ಟಿ ಚಿಕಿತ್ಸೆ ತಂತು. ಇದರಾಗ ವೈರಸ್ ಕ್ಯಾನ್ಸರ್ ಕೊಲ್ಲಂಗಿಲ್ಲ. ರೋಗಿಯ ಟಿ-ಕೋಶಕ್ಕೆ ಹೊಸ ಜೀನ್ ಮುಟ್ಟಿಸೋ ಗಾಡಿ ಅಷ್ಟ. ಅದೂ ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಮಾತ್ರ.

ನಾನು ಬಿ.ಕಾಂ. ಓದಿದವ, ಕಾಗದ ನೋಡದೆ ಸಹಿ ಹಾಕಂಗಿಲ್ಲ. ಯಾರಾದ್ರೂ "ಹೊಸ ಔಷಧದ ಟ್ರಯಲ್, ರೊಕ್ಕ ಕಟ್ರಿ" ಅಂದ್ರ ಸಿಟಿಆರ್‌ಐ ನಂಬರ್ ಕೇಳ್ರಿ, ಮೊಬೈಲ್‌ನಾಗ ಹುಡುಕ್ರಿ. 2009ರಿಂದ ಔಷಧದ ಟ್ರಯಲ್ ಅಲ್ಲಿ ನೋಂದಣಿ ಆಗ್ಲೇಬೇಕು. ಒಪ್ಪಿಗೆ ಪತ್ರ ಕನ್ನಡದಾಗ ಓದ್ರಿ. ಈಗ ನಡೆದಿರೋ ಚಿಕಿತ್ಸೆ ಮಾತ್ರ ಬಿಡಬ್ಯಾಡ್ರಿ. ಯಾದಗಿರಿಯವರಿಗೆ ಕಲಬುರಗಿಯ ಕಿದ್ವಾಯಿ ಕೇಂದ್ರ ಹತ್ತಿರದಾಗ ಅದ.