ಕತ್ತರಿ ಇದೆ, ಸೂಜಿ ಇಲ್ಲ



ಇಂದು ಒಂದು ಬಿಳಿ ಇಲಿಯ ವಿಷಯ ಹೇಳುತ್ತೇನೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದಲ್ಲಿ ಮೆಲ್ವಿನ್ ಬಾಸ್ಮಾ ಮತ್ತು ಸಂಗಡಿಗರು ಸಾಕಿದ್ದ ಕೆಲವು ಇಲಿಗಳ ರಕ್ತದಲ್ಲಿ ಪ್ರತಿಕಾಯಗಳೇ ಕಾಣಲಿಲ್ಲ. ಸೋಂಕನ್ನು ಎದುರಿಸುವ ಬಿ ಮತ್ತು ಟಿ ಬಿಳಿ ರಕ್ತಕಣಗಳೂ ಬೆಳೆದಿರಲಿಲ್ಲ. 1983ರಲ್ಲಿ ಲೋಕಕ್ಕೆ ತಿಳಿದ ಈ ಇಲಿಗೆ ‘ಸ್ಕಿಡ್’ ಎಂದು ಹೆಸರು.

1990ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಇದರ ಜೀವಕೋಶಗಳು ಎಕ್ಸ್-ಕಿರಣದಂಥ ವಿಕಿರಣವನ್ನು ತಾಳಲಾರವು. ವಿಕಿರಣವು ಕೋಶಕೇಂದ್ರದಲ್ಲಿರುವ ಡಿ.ಎನ್.ಎ.ಯ ಎರಡೂ ಎಳೆಗಳನ್ನು ತುಂಡರಿಸುತ್ತದೆ. ಆರೋಗ್ಯವಂತ ಕೋಶ ಆ ತುದಿಗಳನ್ನು ಮತ್ತೆ ಬೆಸೆಯುತ್ತದೆ. ಸ್ಕಿಡ್ ಇಲಿಯ ಕೋಶ ತಿಣುಕುತ್ತದೆ.

ರಕ್ತಕಣಕ್ಕೂ ವಿಕಿರಣಕ್ಕೂ ಏನು ನಂಟು ಎನ್ನುವಿರಾ? ಸ್ವಾರಸ್ಯ ಇಲ್ಲಿಯೇ ಇದೆ. ರೋಗಾಣುಗಳು ಅಸಂಖ್ಯ, ಒಂದೊಂದಕ್ಕೂ ಒಂದು ವಂಶವಾಹಿಯನ್ನು ಕೂಡಿಡಲು ಸಾಧ್ಯವಿಲ್ಲ. ಆದ್ದರಿಂದ ಎಳೆಯ ಬಿಳಿ ರಕ್ತಕಣವು ತನ್ನ ಡಿ.ಎನ್.ಎ.ಯನ್ನು ತಾನೇ ಕತ್ತರಿಸಿ, ತುಣುಕುಗಳನ್ನು ಬಗೆಬಗೆಯಾಗಿ ಜೋಡಿಸಿ ಹೊಸ ಹೊಸ ಪ್ರತಿಕಾಯಗಳಿಗೆ ನಕ್ಷೆ ಮಾಡಿಕೊಳ್ಳುತ್ತದೆ. ಸ್ಕಿಡ್ ಇಲಿಯಲ್ಲಿ ಕತ್ತರಿ ಸರಿಯಾಗಿದೆ, ಸೂಜಿ ಮುರಿದಿದೆ!

1995ರಲ್ಲಿ ಆ ಸೂಜಿ ಯಾವುದೆಂದು ಗೊತ್ತಾಯಿತು: 16ನೆಯ ವರ್ಣತಂತುವಿನಲ್ಲಿರುವ ಪಿಆರ್‌ಕೆಡಿಸಿ ಎಂಬ ವಂಶವಾಹಿ. ಅದು ರೂಪಿಸುವ ಪ್ರೋಟೀನಿನಲ್ಲಿ 4,000ಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. ಒಂದೇ ಒಂದು ಅಕ್ಷರ ಬದಲಾಗಿ ಕೊನೆಯ 83 ಬಿಟ್ಟುಹೋಗಿವೆ, ಅಷ್ಟೆ.

ಈ ವಂಶವಾಹಿ ನಮ್ಮಲ್ಲೂ ಇದೆ. ಕ್ಯಾನ್ಸರ್ ಗಡ್ಡೆಗೆ ವಿಕಿರಣ ಕೊಟ್ಟಾಗ ಗಡ್ಡೆಯ ಕೋಶಗಳೂ ಇದರ ನೆರವಿನಿಂದ ಚೇತರಿಸಿಕೊಳ್ಳುತ್ತವೆ. ಆ ಪ್ರೋಟೀನನ್ನು ತಡೆಯುವ ಔಷಧಿಗಳನ್ನು ರೋಗಿಗಳಲ್ಲಿ ಪರೀಕ್ಷಿಸಿದ್ದಾರೆ. ಸುತ್ತಲಿನ ಆರೋಗ್ಯವಂತ ಕೋಶಗಳಿಗೂ ಅದೇ ಪೆಟ್ಟು ಬೀಳದಂತೆ ನೋಡಿಕೊಳ್ಳುವುದೇ ಅಲ್ಲಿನ ಕಷ್ಟ.