ಆ ಗಂಡಸು ಎಲ್ಲಿ?

ಮರಣದಂಡನೆ ಬಗ್ಗೆ ಕ್ರೈಸ್ತರ ನಡುವೆ ಮಾತು ಶುರುವಾದರೆ ಐದು ನಿಮಿಷದೊಳಗೆ ಯಾರಾದರೂ ಯೋಹಾನನ ಸುವಾರ್ತೆಯ ಎಂಟನೇ ಅಧ್ಯಾಯ ತೆಗೆದೇ ತೆಗೆಯುತ್ತಾರೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು, ಕಲ್ಲೆಸೆದು ಕೊಲ್ಲಬೇಕೋ ಅಂತ ಕೇಳುತ್ತಾ ಯೇಸುವಿನ ಮುಂದೆ ಎಳೆತಂದ ಕಥೆ. ಈಚೆಗೆ ಒಂದು ಭಾನುವಾರ ಆರಾಧನೆಯಲ್ಲಿ ಕೂತಿದ್ದಾಗ ಕೇಳಿದೆ: ಯೇಸು ಅವತ್ತೇ ಮರಣದಂಡನೆ ರದ್ದು ಮಾಡಿಬಿಟ್ಟರಂತೆ. ನಾನೂ ಗಲ್ಲುಶಿಕ್ಷೆಗೆ ವಿರೋಧಿಯೇ. ಆದರೂ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮನೆಗೆ ಬಂದು ಸತ್ಯವೇದ ತೆಗೆದು ನಿಧಾನವಾಗಿ ಓದಿದೆ.

ಮೊದಲು ಕಣ್ಣಿಗೆ ಬಿದ್ದಿದ್ದು ಇದು: ಸುತ್ತ ನಿಂತವರ ಕೈಯಲ್ಲಿ ಕಲ್ಲಿತ್ತು ಅಂತ ಅಲ್ಲಿ ಬರೆದೇ ಇಲ್ಲ. ಅದು ಸಂಡೇ ಸ್ಕೂಲಿನ ಚಿತ್ರಗಳಿಂದ ನಮ್ಮ ತಲೆಯಲ್ಲಿ ಕೂತಿದ್ದು. ಇನ್ನೊಂದು, ಆ ಗಂಡಸು ಎಲ್ಲಿ? ಯಾಜಕಕಾಂಡ 20:10 ನೋಡಿ, ಇಬ್ಬರಿಗೂ ಮರಣಶಿಕ್ಷೆ ಅಂತಿದೆ. ಸಿಕ್ಕಿಬಿದ್ದಳು ಅಂದಮೇಲೆ ಜೊತೆಗೊಬ್ಬ ಇದ್ದಿರಲೇಬೇಕಲ್ಲ. ಅವನನ್ನು ಬಿಟ್ಟು ಇವಳೊಬ್ಬಳನ್ನು ಎಳೆತಂದಿದ್ದಾರೆ. ಅದೂ ನ್ಯಾಯಕ್ಕಾಗಿ ಅಲ್ಲ, ಯೇಸುವನ್ನು ಸಿಕ್ಕಿಸೋಕೆ. ಸುವಾರ್ತೆಯೇ ಹಾಗೆ ಹೇಳುತ್ತೆ.

ಈಗ ಧರ್ಮೋಪದೇಶಕಾಂಡ 17:7ಕ್ಕೆ ಬನ್ನಿ. ಕೊಲ್ಲಬೇಕಾದರೆ ಸಾಕ್ಷಿ ಹೇಳಿದವರ ಕೈಯೇ ಮೊದಲು ಏಳಬೇಕು. ನಿಮ್ಮಲ್ಲಿ ಪಾಪವಿಲ್ಲದವನು ಮೊದಲ ಕಲ್ಲು ಎಸೆಯಲಿ ಅಂತ ಯೇಸು ಅಂದಾಗ ಆ ನಿಯಮವನ್ನೇ ಅವರ ಮುಂದೆ ಹಿಡಿದರು ಅಂತ ನನಗನಿಸುತ್ತೆ. ಕಾನೂನು ರದ್ದಾಯ್ತು ಅಂತ ಹೇಳಲಿಲ್ಲ. ಆ ಕಾನೂನು ನಡೆಸೋ ಯೋಗ್ಯತೆ ನಿಮ್ಮಲ್ಲಿ ಯಾರಿಗಿದೆ ಅಂತ ಕೇಳಿದರು.

ಇನ್ನೂ ಒಂದು ತೊಡಕಿದೆ. ಸುಮಾರು ಕ್ರಿ.ಶ. 200ರ ಪಪೈರಸ್ 66 ಅನ್ನೋ ಯೋಹಾನನ ಸುವಾರ್ತೆಯ ಹಸ್ತಪ್ರತಿಯಲ್ಲಿ ಈ ಕಥೆ ಇಲ್ಲ. ನಾಲ್ಕನೇ ಶತಮಾನದ ವ್ಯಾಟಿಕನಸ್, ಸಿನಾಯ್ಟಿಕಸ್ ಹಸ್ತಪ್ರತಿಗಳಲ್ಲೂ ಇಲ್ಲ. ಕೆಲವು ಹಸ್ತಪ್ರತಿಗಳಲ್ಲಂತೂ ಇದು ಲೂಕನ ಸುವಾರ್ತೆಯೊಳಗೆ ಸೇರಿಕೊಂಡಿದೆ. ತಪ್ಪು ತಿಳೀಬೇಡಿ, ಕಥೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಬಾಯಿಂದ ಬಾಯಿಗೆ ಬಂದ ಬಹಳ ಹಳೆಯ ನೆನಪು ಅಂತಲೇ ನಾನು ನಂಬೋದು. ಆದರೆ ಒಂದು ದೇಶದ ದಂಡಸಂಹಿತೆಯನ್ನೇ ಇದರ ಮೇಲೆ ನಿಲ್ಲಿಸೋಕೆ ಹೊರಟರೆ, ಈ ವಿಷಯವನ್ನೂ ಜನರ ಮುಂದೆ ಇಡಬೇಕು. ಮುಚ್ಚಿಡಬಾರದು.

ಗಲ್ಲು ಬೇಕು ಅನ್ನೋರದ್ದು ಬೇಗ ಹೇಳಿಬಿಡ್ತೀನಿ. ಅವರು ಹಿಡಿಯೋದು ಆದಿಕಾಂಡ 9:6, ರಕ್ತಕ್ಕೆ ರಕ್ತ. ಅದು ಮೋಶೆಗಿಂತ ಮುಂಚೆ, ನೋಹನ ಕಾಲದ ಮಾತು, ಹಾಗಾಗಿ ಎಲ್ಲ ಮನುಷ್ಯರಿಗೂ ಅನ್ವಯ ಅಂತಾರೆ. ಗಟ್ಟಿ ವಾದವೇ. ಆದರೆ ಅದೇ ಪುಸ್ತಕದ ನಾಲ್ಕನೇ ಅಧ್ಯಾಯದಲ್ಲಿ, ತಮ್ಮನನ್ನೇ ಕೊಂದ ಕಾಯಿನನನ್ನು ಯಾರೂ ಕೊಲ್ಲದ ಹಾಗೆ ದೇವರೇ ಗುರುತು ಇಟ್ಟಿದ್ದನ್ನು ಅವರು ಓದೋದು ಅಪರೂಪ. ಇನ್ನು ಮೋಶೆಯ ನಿಯಮವನ್ನೇ ಹಿಡಿಯೋರು ವಿಮೋಚನಕಾಂಡ 21:17ಕ್ಕೆ ಏನಂತಾರೆ? ಅಪ್ಪ ಅಮ್ಮನನ್ನು ಶಪಿಸಿದವನಿಗೂ ಅಲ್ಲಿ ಸಾವೇ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದ ಕತ್ತಿ ಸರ್ಕಾರಕ್ಕೆ ಅಧಿಕಾರ ಇದೆ ಅನ್ನುತ್ತೆ, ಅದನ್ನು ನಾನು ಅಲ್ಲಗಳೆಯಲ್ಲ. ಕಥೋಲಿಕರಲ್ಲಿ ಪೋಪ್ ಫ್ರಾನ್ಸಿಸ್ 2018ರಲ್ಲಿ ಸಭೆಯ ಬೋಧನೆಯ ಕೈಪಿಡಿಯಾದ ಕ್ಯಾಟಿಕಿಸಮ್ಮನ್ನೇ ತಿದ್ದಿಸಿ, ಮರಣದಂಡನೆ ಸಲ್ಲದು ಅಂದರು. ಆದರೆ ವ್ಯಾಟಿಕನ್ ಕಾನೂನಿನಲ್ಲೇ 1969ರ ತನಕ ಮರಣದಂಡನೆ ಇತ್ತು.

ನನಗೆ ದಾರಿ ತೋರಿಸಿದ್ದು ಆದಿಸಭೆಯ ಬಿಷಪ್ ಆಗಸ್ಟೀನ್. ಸರ್ಕಾರ ಕೊಲ್ಲಬಹುದು ಅಂತ ಒಪ್ಪಿದ್ದವರು ಅವರು. ಸುಮಾರು 412ರಲ್ಲಿ, ಉತ್ತರ ಆಫ್ರಿಕಾದಲ್ಲಿ, ಎದುರು ಪಂಗಡದ ಕ್ರೈಸ್ತರು ಆಗಸ್ಟೀನರ ಕಡೆಯ ಒಬ್ಬ ಪಾದ್ರಿಯನ್ನು ಕೊಂದರು. ಇನ್ನೊಬ್ಬರ ಕಣ್ಣು ಕಿತ್ತು, ಬೆರಳು ಕತ್ತರಿಸಿದರು. ವಿಚಾರಣೆ ನಡೆಸುತ್ತಿದ್ದ ಅಧಿಕಾರಿ ಮಾರ್ಸೆಲಿನಸ್‌ಗೆ ಆಗಸ್ಟೀನ್ ಪತ್ರ ಬರೆದರು: ಇವರನ್ನು ಕೊಲ್ಲಬೇಡ, ಅವರು ಮಾಡಿದ್ದನ್ನೇ ಅವರಿಗೆ ಮಾಡಬೇಡ, ಏನಾದರೂ ಉಪಯೋಗದ ಕೆಲಸಕ್ಕೆ ಹಚ್ಚು. ನಿನಗೆ ಅಧಿಕಾರವಿಲ್ಲ ಅನ್ನೋಕೆ ಯಾವ ವಚನವನ್ನೂ ತಿರುಚಲಿಲ್ಲ. ಅಧಿಕಾರ ಇದೆ ಅಂತ ಗೊತ್ತಿದ್ದೇ, ಕ್ರೈಸ್ತನಾಗಿ ಬೇಡಿಕೊಂಡರು.

ಮರುವರ್ಷ, 413ರಲ್ಲಿ, ದಂಗೆಯಲ್ಲಿ ಪಾಲುಗೊಂಡ ಆರೋಪ ಹೊರಿಸಿ ಮಾರ್ಸೆಲಿನಸ್‌ನನ್ನೇ ಕಾರ್ಥೇಜಿನಲ್ಲಿ ಕೊಂದರು. ಅವನ ಪರವಾಗಿಯೂ ಆಗಸ್ಟೀನ್ ಬೇಡಿಕೊಂಡಿದ್ದರು.