ಹವ್ಯಾಸಿಯ ಕೈಗೆ ನಾಳಿನ ಗಾಲ್ಫ್ ಕೋಲು



ಗಾಲ್ಫ್ ಎಂದೊಡನೆ ಅದು ನಮ್ಮಂಥವರ ಆಟವಲ್ಲ ಎಂದು ನಿಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ಆದರೆ ನಮ್ಮ ನಾಡಿಗೆ ಈ ಆಟ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಇದೇ ಊರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕೇವಲ ಒಂದು ಹೊಡೆತದ ಅಂತರದಲ್ಲಿ ಕಂಚಿನ ಪದಕ ತಪ್ಪಿ ನಾಲ್ಕನೆಯವರಾದಾಗ, ಗಾಲ್ಫ್‌ನ ನಿಯಮ ತಿಳಿಯದವರೂ ಬೆಳಗ್ಗೆ ಎದ್ದು ಟಿ.ವಿ. ಮುಂದೆ ಕುಳಿತಿದ್ದರು.

ಇಂದು ನಾವು ಮಾತನಾಡಲಿರುವುದು ಆ ಆಟದ ಉಪಕರಣದ ಬಗ್ಗೆ. ಗಾಲ್ಫ್‌ನಲ್ಲಿ ಕ್ಲಬ್ ಎಂದರೆ ಸಂಘ ಮಾತ್ರವಲ್ಲ, ಚೆಂಡನ್ನು ಹೊಡೆಯುವ ಕೋಲಿಗೂ ಅದೇ ಹೆಸರು. ಒಬ್ಬ ಆಟಗಾರ ತನ್ನ ಚೀಲದಲ್ಲಿ ಹೆಚ್ಚೆಂದರೆ 14 ಕೋಲುಗಳನ್ನು ಇಟ್ಟುಕೊಳ್ಳಬಹುದು. ದೂರ ಹೊಡೆಯಲು ಡ್ರೈವರ್, ನಡುವಿನ ದೂರಗಳಿಗೆ ಐರನ್, ಚೆಂಡನ್ನು ಉರುಳಿಸಿ ಕುಳಿಗೆ ಸೇರಿಸಲು ಪಟರ್. ಪ್ರತಿ ವರ್ಷ ಹೊಸ ಮಾದರಿಗಳು ಬರುತ್ತವೆ. ಇನ್ನಷ್ಟು ದೂರ, ಇನ್ನಷ್ಟು ನೇರ ಎಂದು ಜಾಹೀರಾತುಗಳು ಸಾರುತ್ತವೆ. ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಒಂದು ಹೊಸ ಡ್ರೈವರ್‌ಗೆ ಸುಮಾರು 600 ಡಾಲರ್ ಬೆಲೆ. ವಾರಕ್ಕೊಮ್ಮೆ ಆಡುವ ಹವ್ಯಾಸಿಗೆ ಇದರಿಂದ ನಿಜವಾಗಿ ಏನು ಸಿಗುತ್ತದೆ? ಮುಂದೆ ಏನು ಸಿಗಬಹುದು? ಉತ್ತರಕ್ಕೆ ಜಾಹೀರಾತು ಬೇಡ, ನಿಮ್ಮ ಭೌತಶಾಸ್ತ್ರದ ಪಠ್ಯ ಸಾಕು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬಹುಕಾಲ ಗಾಲ್ಫ್ ಕೋಲಿನ ಹಿಡಿಕೆಯ ದಂಡ ಹಿಕರಿ ಎಂಬ ಮರದ್ದು, ಡ್ರೈವರ್‌ನ ತಲೆ ಪರ್ಸಿಮನ್ ಮರದ್ದು. 1920ರ ದಶಕದಲ್ಲಿ ಉಕ್ಕಿನ ದಂಡಕ್ಕೆ ಒಪ್ಪಿಗೆ ದೊರೆಯಿತು. 1959ರಲ್ಲಿ ಕಾರ್ಸ್ಟನ್ ಸೋಲ್‌ಹೈಮ್ ಎಂಬ ಎಂಜಿನಿಯರ್ ಹೊಸ ಬಗೆಯ ಪಟರ್ ತಯಾರಿಸಿದರು. ಅವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ನೌಕರರು. ತಮ್ಮ ಪಟಿಂಗ್ ಸರಿಯಿಲ್ಲವೆಂದು ಬೇಸತ್ತಿದ್ದ ಹವ್ಯಾಸಿ ಆಟಗಾರರು. ತಲೆಯ ಭಾರವನ್ನು ನಡುವಿನಿಂದ ತೆಗೆದು ಎರಡು ತುದಿಗಳಿಗೆ ಹಂಚಿದ್ದೇ ಅವರ ಉಪಾಯ. ಅದರಿಂದ ಹುಟ್ಟಿದ ಕಂಪನಿಯೇ ಪಿಂಗ್. 1979ರಲ್ಲಿ ಟೇಲರ್‌ಮೇಡ್ ಕಂಪನಿ ಉಕ್ಕಿನ ಪೊಳ್ಳು ತಲೆಯ ಡ್ರೈವರ್ ತಂದಿತು. 1991ರಲ್ಲಿ ಕ್ಯಾಲವೇ ಕಂಪನಿಯ ಬಿಗ್ ಬರ್ತಾ ಬಂದಿತು. 1995ರಲ್ಲಿ ಅದರ ಟೈಟೇನಿಯಂ ರೂಪ ಬಂದಿತು.

ಟೈಟೇನಿಯಂ ಏಕೆ? ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ, ಟೈಟೇನಿಯಂನದು ಸುಮಾರು 4.5 ಗ್ರಾಂ. ಅಷ್ಟೇ ತೂಕದಲ್ಲಿ ಹೆಚ್ಚು ದೊಡ್ಡ ತಲೆ ಮಾಡಬಹುದು. ತಲೆ ದೊಡ್ಡದಾದಂತೆ ಹೊಡೆತ ತಪ್ಪುವ ಭಯ ಕಡಿಮೆ. ಹಳೆಯ ಮರದ ತಲೆಗಳ ಗಾತ್ರ ಇಂದಿನ ಡ್ರೈವರ್‌ನ ಅರ್ಧಕ್ಕಿಂತಲೂ ಕಡಿಮೆಯಿತ್ತು. ಈ ಬೆಳವಣಿಗೆ ಎಲ್ಲಿಗೆ ನಿಲ್ಲುತ್ತದೋ ಎಂಬ ಆತಂಕದಿಂದ, ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದೆಂದು 2004ರಲ್ಲಿ ನಿಯಮ ಬಂದಿತು.

ಈಗ ಒಂದು ಚಿಕ್ಕ ಲೆಕ್ಕ ಮಾಡೋಣ. ಡ್ರೈವರ್‌ನ ತಲೆಯ ತೂಕ ಸುಮಾರು 200 ಗ್ರಾಂ; ಚೆಂಡಿನದು ಸುಮಾರು 46 ಗ್ರಾಂ. ಇವೆರಡೂ ತಾಗಿಕೊಂಡಿರುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗದ ಅರ್ಧದಷ್ಟು ಹೊತ್ತು ಮಾತ್ರ. ಎಷ್ಟು ಚೆನ್ನಾಗಿ ಪುಟಿಯುತ್ತದೆ ಎಂಬುದನ್ನು ತಿಳಿಸುವ ಅಂಕಿಯನ್ನು ಪುಟಿತದ ಗುಣಾಂಕ ಎನ್ನೋಣ. ನಿಯಮದ ಪ್ರಕಾರ ಅದು ಸುಮಾರು 0.83 ಮೀರುವಂತಿಲ್ಲ. ಒಂದಕ್ಕೆ ಈ ಗುಣಾಂಕವನ್ನು ಕೂಡಿಸಿ, ಬಂದ 1.83ನ್ನು 1.23ರಿಂದ ಭಾಗಿಸಿ. ಈ 1.23 ಎಂದರೆ ಒಂದಕ್ಕೆ ಚೆಂಡು ಮತ್ತು ತಲೆಯ ತೂಕಗಳ ಅನುಪಾತ ಕೂಡಿಸಿದಾಗ ಬರುವ ಸಂಖ್ಯೆ. ಉತ್ತರ ಸುಮಾರು 1.49. ಅಂದರೆ ಹವ್ಯಾಸಿಯೊಬ್ಬ ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಕೋಲು ಬೀಸಿದರೆ, ಚೆಂಡು ಹೆಚ್ಚೆಂದರೆ ಸುಮಾರು 216 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ.

ತಲೆಯನ್ನು ಇನ್ನೂ ಭಾರವಾಗಿಸಬಾರದೆ ಎಂದು ನೀವು ಕೇಳಬಹುದು. 220 ಗ್ರಾಂ ಮಾಡಿ ನೋಡಿ, ಉತ್ತರ 1.51 ಆಗುತ್ತದೆ. ಗಳಿಕೆ ಶೇಕಡ ಎರಡಕ್ಕಿಂತ ಕಡಿಮೆ. ಆದರೆ ಭಾರ ಹೆಚ್ಚಿದರೆ ಬೀಸುವ ವೇಗ ತಗ್ಗುತ್ತದೆ. ಬಂದ ಲಾಭ ಅಲ್ಲೇ ಕರಗುತ್ತದೆ. ಈ ಪುಟಿತದ ಮಿತಿ 2008ರಿಂದ ಜಗತ್ತಿನ ಎಲ್ಲೆಡೆ ಎಲ್ಲ ಆಟಗಾರರಿಗೂ ಅನ್ವಯವಾಗಿದೆ. ಆದ್ದರಿಂದ ಮುಖದ ನಡುವಿಗೆ ಸರಿಯಾಗಿ ತಾಗಿದ ಹೊಡೆತದಲ್ಲಿ, ಹತ್ತು ವರ್ಷ ಹಳೆಯ ಒಳ್ಳೆಯ ಡ್ರೈವರ್‌ಗೂ ಇಂದಿನ ಹೊಸತಕ್ಕೂ ಹೇಳಿಕೊಳ್ಳುವಂಥ ಅಂತರವಿರಲು ಸಾಧ್ಯವಿಲ್ಲ. ಕೊಳ್ಳುವ ಮೊದಲು ಪ್ರತಿಯೊಬ್ಬ ಹವ್ಯಾಸಿಯೂ ತಿಳಿದಿರಬೇಕಾದ ಮಾತು ಇದು.

ಹಾಗಾದರೆ ಮುಂದಿನ ಸಂಶೋಧನೆಗೆ ಉಳಿದಿರುವುದೇನು? ಸರಿಯಾಗಿ ತಾಗದ ಹೊಡೆತ! ಹವ್ಯಾಸಿಯ ಹೆಚ್ಚಿನ ಹೊಡೆತಗಳು ಅಂಥವೇ ಅಲ್ಲವೆ?

ಒಂದು ಪ್ರಯೋಗ ಮಾಡಿ. 30 ಸೆಂಟಿಮೀಟರ್ ಉದ್ದದ ಅಳತೆಪಟ್ಟಿಯ ನಡುವೆ ಎರಡು ನಾಣ್ಯ ಅಂಟಿಸಿ, ಪಟ್ಟಿಯ ಮಧ್ಯಭಾಗವನ್ನು ಬೆರಳುಗಳಲ್ಲಿ ಹಿಡಿದು ಆಚೀಚೆ ತಿರುಗಿಸಿ. ಬಳಿಕ ಅದೇ ನಾಣ್ಯಗಳನ್ನು ಎರಡು ತುದಿಗಳಿಗೆ ಅಂಟಿಸಿ ತಿರುಗಿಸಿ. ತೂಕ ಒಂದೇ, ಆದರೂ ಎರಡನೆಯ ಬಾರಿ ಪಟ್ಟಿ ತಿರುಗಲು ಹಿಂಜರಿಯುತ್ತದೆ. ತಿರುಗುವಿಕೆಗೆ ವಸ್ತು ಒಡ್ಡುವ ಈ ವಿರೋಧದ ಅಳತೆಯನ್ನು ಮೊಮೆಂಟ್ ಆಫ್ ಇನರ್ಷಿಯಾ ಎನ್ನುತ್ತೇವೆ. ಚೆಂಡು ಮುಖದ ತುದಿಗೆ ತಾಗಿದರೆ ಕೋಲಿನ ತಲೆ ತಿರುಚಿಕೊಳ್ಳುತ್ತದೆ. ಶಕ್ತಿ ಪೋಲಾಗುತ್ತದೆ, ದಿಕ್ಕು ತಪ್ಪುತ್ತದೆ. ಭಾರ ಅಂಚುಗಳಲ್ಲಿದ್ದರೆ ತಿರುಚುವುದು ಕಡಿಮೆ. ಸೋಲ್‌ಹೈಮ್ ಕಂಡುಕೊಂಡದ್ದು ಇದನ್ನೇ.

ಇದಕ್ಕೂ ನಿಯಮದ ಕಡಿವಾಣವಿದೆ. ನಿಂತ ಅಕ್ಷದ ಸುತ್ತ ಈ ಅಳತೆ 5900 ಗ್ರಾಂ ಚದರ ಸೆಂಟಿಮೀಟರ್ ಮೀರಬಾರದು. 2024ರಲ್ಲಿ ಪಿಂಗ್ ಕಂಪನಿ ನಿಂತ ಮತ್ತು ಅಡ್ಡ ಅಕ್ಷಗಳೆರಡರ ಅಳತೆ ಕೂಡಿದರೆ 10,000 ದಾಟುವ ಡ್ರೈವರ್ ತಂದಿತು. ಅಂದರೆ ಈ ದಾರಿಯಲ್ಲೂ ಗುರಿ ಹತ್ತಿರವಾಗಿದೆ. ಮುಖಕ್ಕೆ ಮತ್ತು ಮೇಲ್ಭಾಗಕ್ಕೆ ಇಂಗಾಲದ ಎಳೆಗಳ ಹಾಳೆ ಬಳಸಿ, ಉಳಿಸಿದ ತೂಕವನ್ನು ಅಂಚಿಗೆ ಸಾಗಿಸುವ ಯತ್ನ ನಡೆದಿದೆ. 2022ರಲ್ಲಿ ಟೇಲರ್‌ಮೇಡ್ 60 ಪದರಗಳ ಇಂಗಾಲದ ಮುಖವುಳ್ಳ ಡ್ರೈವರ್ ಮಾರುಕಟ್ಟೆಗೆ ಬಿಟ್ಟಿತು.

ಇನ್ನು ಕಂಪ್ಯೂಟರಿನ ಪಾತ್ರ. 2019ರಲ್ಲಿ ಕ್ಯಾಲವೇ ತನ್ನ ಎಪಿಕ್ ಫ್ಲ್ಯಾಶ್ ಡ್ರೈವರ್‌ನ ಮುಖವನ್ನು ಕೃತಕ ಬುದ್ಧಿಮತ್ತೆಯಿಂದ ರೂಪಿಸಿದ್ದಾಗಿ ಪ್ರಕಟಿಸಿತು. ಮನುಷ್ಯರು ಬಿಡಿಸಬಹುದಾದ ಕೆಲವೇ ಮಾದರಿಗಳ ಬದಲಿಗೆ 15,000 ಮಾದರಿಗಳನ್ನು ಯಂತ್ರ ಪರೀಕ್ಷಿಸಿತೆಂದು ಕಂಪನಿ ಹೇಳಿತು. ಮುಖದ ಒಳಬದಿ ಎಲ್ಲಿ ತೆಳು, ಎಲ್ಲಿ ದಪ್ಪ ಎಂಬುದರ ಲೆಕ್ಕ ಅದು. ಕೋಬ್ರಾ ಕಂಪನಿಯಾದರೋ 2020ರಲ್ಲಿ ಮೂರು ಆಯಾಮದ ಮುದ್ರಣದಿಂದ ಪಟರ್ ತಯಾರಿಸಿತು. 2024ರಲ್ಲಿ ಅದೇ ವಿಧಾನದ ಐರನ್‌ಗಳನ್ನು ತಂದಿತು. ಲೋಹದ ಪುಡಿಯನ್ನು ಪದರ ಪದರವಾಗಿ ಬೆಸೆದು, ಒಳಗೆ ಜೇನುಗೂಡಿನಂಥ ಜಾಲರಿ ಬಿಡುವ ಈ ಕೆಲಸ ಎರಕದ ಅಚ್ಚಿನಿಂದ ಆಗುವಂಥದಲ್ಲ.

ಹವ್ಯಾಸಿಯ ಮಟ್ಟಿಗೆ ಮುಂದಿನ ದೊಡ್ಡ ಬದಲಾವಣೆ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಇಂದು ಕೋಲುಗಳು ಅಂಗಡಿಯ ಸಿದ್ಧ ಉಡುಪಿನಂತೆ. ಮಹಿಳೆಯರು, ಎಡಗೈಯವರು, ಕುಳ್ಳಗಿರುವವರು, ವಯಸ್ಸಾದವರು ಇರುವುದರಲ್ಲೇ ಹೊಂದಿಸಿಕೊಳ್ಳಬೇಕು. ನಿಧಾನವಾಗಿ ಬೀಸುವವರಿಗೆ ಮುಖದ ಓರೆ ಹೆಚ್ಚಿರಬೇಕು, ದಂಡ ಹಗುರವಿರಬೇಕು. ಉಕ್ಕಿನ ದಂಡ ನೂರು ಗ್ರಾಂ ದಾಟಿದರೆ ಗ್ರಾಫೈಟ್ ದಂಡ 50-60 ಗ್ರಾಂ ತೂಗುತ್ತದೆ. ಅಳತೆ ಕೊಟ್ಟು ಬಟ್ಟೆ ಹೊಲಿಸಿದಂತೆ ಮೈಗೊಪ್ಪುವ ಕೋಲು ದೊರೆತರೆ ಅದೇ ನಿಜವಾದ ಪ್ರಗತಿ.

ಅಳತೆ ತೆಗೆಯುವ ಸಾಧನಗಳೂ ಬಂದಿವೆ. ಚೆಂಡಿನ ವೇಗ, ಕೋನ, ಸುತ್ತುವಿಕೆಗಳನ್ನು ರಡಾರ್‌ನಿಂದ ಅಳೆಯುವ ಯಂತ್ರಗಳು ಹಿಂದೆ ವೃತ್ತಿಪರರಿಗಷ್ಟೇ ಎಟುಕುತ್ತಿದ್ದವು. ಈಗ ಅವುಗಳ ಚಿಕ್ಕ ರೂಪಗಳು ಮೊಬೈಲ್ ಫೋನಿನೊಡನೆ ಕೆಲಸ ಮಾಡುತ್ತವೆ. ಹಿಡಿಕೆಯ ತುದಿಗೆ ಸಿಕ್ಕಿಸುವ ಸಂವೇದಕಗಳು ಪ್ರತಿ ಹೊಡೆತದ ಲೆಕ್ಕ ಇಡುತ್ತವೆ. ಕೋಲು ಹೊಸದಾಗದಿದ್ದರೂ ತನ್ನ ತಪ್ಪು ಎಲ್ಲಿದೆ ಎಂಬುದು ಆಟಗಾರನಿಗೆ ತಿಳಿಯುತ್ತದೆ. ಹೊಡೆತಕ್ಕೂ ಕಲಿಕೆಗೂ ನಡುವೆ ಇದ್ದ ಊಹೆಯ ಜಾಗಕ್ಕೆ ಮಾಹಿತಿ ಬರುತ್ತಿದೆ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಎಲ್ಲ ತಪ್ಪನ್ನೂ ಕೋಲೇ ತಿದ್ದಿಬಿಟ್ಟರೆ ಆಟದಲ್ಲಿ ಉಳಿಯುವುದೇನು? ನಿಯಮ ರೂಪಿಸುವ ಆರ್ ಅಂಡ್ ಎ ಮತ್ತು ಅಮೆರಿಕದ ಗಾಲ್ಫ್ ಸಂಸ್ಥೆಗಳು ಹಾಕುವ ಮಿತಿಗಳ ಹಿಂದೆ ಈ ಚಿಂತೆಯಿದೆ. ಹೊಡೆತ ಉದ್ದವಾದಷ್ಟೂ ಮೈದಾನ ಉದ್ದವಾಗಬೇಕು. ಅಷ್ಟೂ ನೆಲಕ್ಕೆ ನೀರು ಬೇಕು, ಅಷ್ಟೂ ಖರ್ಚು ಬೇಕು. 2023ರ ಡಿಸೆಂಬರಿನಲ್ಲಿ ಈ ಸಂಸ್ಥೆಗಳು ಚೆಂಡಿನ ಪರೀಕ್ಷೆಯನ್ನು ಬಿಗಿಗೊಳಿಸುವ ನಿರ್ಧಾರ ಪ್ರಕಟಿಸಿದವು. ಬಹುದೂರ ಹೊಡೆಯುವವರಿಗೆ 13ರಿಂದ 15 ಗಜ ಕಡಿಮೆಯಾದೀತು, ಹೆಚ್ಚಿನ ಹವ್ಯಾಸಿಗಳಿಗೆ 5 ಗಜವೋ ಅದಕ್ಕಿಂತ ಕಡಿಮೆಯೋ ಎಂದು ಅವು ಅಂದಾಜು ಮಾಡಿದವು.

ಇನ್ನೊಂದು ವಿಷಯ ಗಮನಿಸಿ. 72 ಹೊಡೆತಗಳ ಮೈದಾನದಲ್ಲಿ, ಒಂದೊಂದು ಕುಳಿಗೆ ಎರಡರಂತೆ 36 ಹೊಡೆತಗಳನ್ನು ಪಟಿಂಗ್‌ಗೆಂದೇ ಎಣಿಸಿರುತ್ತಾರೆ. ಡ್ರೈವರ್ ಬಳಕೆಯಾಗುವುದು ಹೆಚ್ಚೆಂದರೆ 14 ಬಾರಿ. ಟೋಕಿಯೊದಲ್ಲಿ ಅದಿತಿ ಅಶೋಕ್ ಅವರ ಡ್ರೈವರ್ ಹೊಡೆತ ಇತರರಿಗಿಂತ ಬಹಳ ಗಿಡ್ಡವಿತ್ತು. ಅವರನ್ನು ಪದಕದ ಬಾಗಿಲಿಗೆ ತಂದದ್ದು ಪಟರ್. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ, ಎಂದರೆ ಇತರರ ಚೀಲ ಹೊರುತ್ತ ಆಟ ಕಲಿತವರು. 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಹೊಸ ಮಾದರಿಯ ಕೋಲು ಇಲ್ಲವೆಂದು ಅಂಥವರು ಕಾಯುತ್ತ ಕುಳಿತಿದ್ದರೆ?

ಆದ್ದರಿಂದ ಮಿತ್ರರೇ, ನಾಳಿನ ಕೋಲನ್ನು ಅಳೆಯುವಾಗ ಅದು ಎಷ್ಟು ದೂರ ಹೊಡೆಯುತ್ತದೆ ಎಂದಷ್ಟೇ ಕೇಳಬೇಡಿ. ಎಷ್ಟು ಜನರ ಕೈಗೆ ಎಟುಕುತ್ತದೆ, ಎಷ್ಟು ಬಗೆಯ ಮೈಕಟ್ಟಿಗೆ ಒಗ್ಗುತ್ತದೆ ಎಂದೂ ಕೇಳಿ. ಮುದ್ರಣ ಯಂತ್ರ ಅಗ್ಗವಾದರೆ, ಅಳತೆಯ ಸಾಧನ ಸಾಮಾನ್ಯವಾದರೆ, ಹಳೆಯ ಒಳ್ಳೆಯ ಕೋಲುಗಳು ಹೊಸ ಆಟಗಾರರ ಕೈ ಸೇರಿದರೆ ಈ ಆಟದ ಬೇಲಿ ಸ್ವಲ್ಪವಾದರೂ ತಗ್ಗೀತು. ಲೋಹಶಾಸ್ತ್ರ, ಗಣಿತ, ಕಂಪ್ಯೂಟರ್ ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಆ ಕೆಲಸಕ್ಕೆ ಕೈ ಹಾಕಬಹುದು. ಸೋಲ್‌ಹೈಮ್ ಕೂಡ ಹೊರಟದ್ದು ಹವ್ಯಾಸಿಯಾಗಿಯೇ ಎಂಬುದು ನೆನಪಿರಲಿ.